ಸಿಡಿಲಿಗೆ ಸುಟ್ಟ ಸ್ಟಾರ್ಟರ್: ಮೊದಲು ಅರ್ಥಿಂಗ್ ನೋಡಿಸಿ

ಪ್ರಶ್ನೆ: ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನಲ್ಲಿ ನಮ್ಮ ದ್ರಾಕ್ಷಿ ತೋಟವಿದೆ. ತೋಟದಲ್ಲೇ ಪತ್ರಾಸಿನ (ತಗಡಿನ) ಮನೆ. ಮೇ ತಿಂಗಳ ಮಳೆಯಲ್ಲಿ ಹಿತ್ತಲಿನ ಬೇವಿನ ಮರಕ್ಕೆ ಸಿಡಿಲು ಬಡಿಯಿತು. ಮನೆಗೆ ಏನೂ ಆಗಲಿಲ್ಲ, ಆದರೆ ಟಿವಿ, ಫ್ರಿಜ್, ಬೋರ್‌ವೆಲ್ ಸ್ಟಾರ್ಟರ್ ಮೂರೂ ಸುಟ್ಟವು. ಸ್ಟೆಬಿಲೈಸರ್, ಎಂಸಿಬಿ ಎರಡೂ ಇದ್ದವು. ಈಗ ಒಬ್ಬರು ಲೈಟ್ನಿಂಗ್ ಅರೆಸ್ಟರ್ ಹಾಕಿಸಿ ಅಂತಾರೆ, ಇನ್ನೊಬ್ಬರು ಸರ್ಜ್ ಪ್ರೊಟೆಕ್ಟರ್ ಸಾಕು ಅಂತಾರೆ. ಯಾವುದು ಸರಿ?

ಉತ್ತರ: ಎರಡಕ್ಕೂ ಮೊದಲು ನಿಮ್ಮ ಅರ್ಥಿಂಗ್ ನೋಡಿಸಿ. ಮನೆಯ ಮೇಲೆ ನಿಲ್ಲಿಸುವ ಸಲಾಕೆಯಾದ ಅರೆಸ್ಟರ್ ಆಗಲಿ, ಬೋರ್ಡಿನಲ್ಲಿ ಕೂರಿಸುವ ಸರ್ಜ್ ಪ್ರೊಟೆಕ್ಟರ್ ಆಗಲಿ ಸಿಡಿಲಿನ ಕರೆಂಟನ್ನು ನೆಲಕ್ಕೆ ತಿರುಗಿಸುತ್ತವೆ. ಆ ದಾರಿಯೇ ಕೆಟ್ಟಿದ್ದರೆ ಎಷ್ಟು ದುಡ್ಡು ಹಾಕಿದರೂ ವ್ಯರ್ಥ.

ನಿಮ್ಮದು ಯರಿ (ಕಪ್ಪು ಮಣ್ಣಿನ) ಭೂಮಿಯಾಗಿದ್ದರೆ ಇದು ಇನ್ನೂ ಮುಖ್ಯ. ಹಸಿ ಇದ್ದಾಗ ಯರಿ ಮಣ್ಣು ಒಳ್ಳೆಯ ವಾಹಕ. ಆದರೆ ಏಪ್ರಿಲ್, ಮೇನಲ್ಲಿ ಅದು ಬಿರುಕು ಬಿಟ್ಟು ಅರ್ಥಿಂಗ್ ಪೈಪನ್ನು ಬಿಟ್ಟು ಸರಿಯುತ್ತದೆ. ಗುಡುಗು, ಸಿಡಿಲಿನ ಮಳೆ ಬರುವುದೂ ಅದೇ ತಿಂಗಳುಗಳಲ್ಲಿ. ಮೇನ್ ಆಫ್ ಮಾಡಿಸಿ, ಮಳೆ ಮೋಡ ಇಲ್ಲದ ದಿನ ಅರ್ಥಿಂಗ್ ಗುಂಡಿಯ ಮುಚ್ಚಳ ತೆಗೆದು ನೋಡಿ. ಪೈಪಿಗೆ ವೈರ್ ಬಿಗಿದ ನಟ್ಟಿನ ಸುತ್ತ ಬಿಳಿ ಪುಡಿಯೋ ಕೆಂಪು ತುಕ್ಕೋ ಕಂಡರೆ, ಕ್ಲ್ಯಾಂಪ್ ಕೈಗೆ ಅಲ್ಲಾಡಿದರೆ, ನಿಮಗೆ ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಇದ್ದಿಲು, ಉಪ್ಪು ಹಾಕಿದ ಗುಂಡಿಯಲ್ಲಿ ಉಪ್ಪೇ ಕೆಲವು ವರ್ಷಗಳಲ್ಲಿ ಜಿಐ ಪೈಪನ್ನು ತಿಂದುಹಾಕುತ್ತದೆ. ಹೊಸದಾಗಿ ಮಾಡಿಸುವುದಾದರೆ ಎರಡೂವರೆಯಿಂದ ಮೂರು ಮೀಟರ್ ಆಳಕ್ಕೆ ಇಳಿಸಿ, ಬೆಂಟೊನೈಟ್ ಪುಡಿ ತುಂಬಿಸಿ, ಬೇಸಿಗೆಯಲ್ಲಿ ಆಗಾಗ ನೀರು ಹಾಕಿ. ಬಲ್ಬ್ ಹಚ್ಚಿ ‘ಅರ್ಥಿಂಗ್ ಛಲೋ ಐತಿ’ ಎಂದರೆ ಒಪ್ಪಬೇಡಿ. ಅರ್ಥ್ ಟೆಸ್ಟರ್‌ನಲ್ಲಿ 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು, 10 ದಾಟಬಾರದು.

ಎಂಸಿಬಿ ಟ್ರಿಪ್ ಆಗಲು ಮಿಲಿಸೆಕೆಂಡುಗಳು ಬೇಕು, ಸಿಡಿಲಿನ ಸರ್ಜ್ (ವೋಲ್ಟೇಜಿನ ದಿಢೀರ್ ಏರಿಕೆ) ಮೈಕ್ರೊಸೆಕೆಂಡುಗಳಲ್ಲಿ ಬಂದು ಹೋಗಿರುತ್ತದೆ. ಸ್ಟೆಬಿಲೈಸರ್ ಕೆಲಸವೂ ಅದಲ್ಲ. ಮೇನ್ ಬೋರ್ಡಿನಲ್ಲಿ ‘ಟೈಪ್ 2’ ಸರ್ಜ್ ಪ್ರೊಟೆಕ್ಟರ್ ಕೂರಿಸಿ. ಅರೆಸ್ಟರ್ ಹಾಕಿಸುವುದಾದರೆ ನೇರ ಸಿಡಿಲಿನ ಕರೆಂಟನ್ನೂ ತಾಳುವ ‘ಟೈಪ್ 1+2’ ಬೇಕು. ಪಂಪ್‌ಸೆಟ್ ಬೋರ್ಡಿಗೆ ಮೂರು ಫೇಸಿನದು ಬೇರೆ ಇರಲಿ. ಸರ್ಜ್ ಪ್ರೊಟೆಕ್ಟರಿನ ವೈರುಗಳು ಒಟ್ಟು ಅರ್ಧ ಮೀಟರ್ ಮೀರಬಾರದು. ಉದ್ದ ವೈರನ್ನು ಅಂದವಾಗಿ ಸುತ್ತಿಟ್ಟರೆ ಅರ್ಧ ರಕ್ಷಣೆ ಅಲ್ಲೇ ಹೋಯಿತು. ಸಾಮಾನ್ಯವಾಗಿ ಅದರ ಮುಂದಿನ ಕಿಂಡಿ ಹಸಿರಿರುತ್ತದೆ. ಕೆಂಪಾದ ದಿನ ಅದರ ಆಯುಷ್ಯ ಮುಗಿದಿದೆ, ಬದಲಿಸಿ.

ಹಳ್ಳಿಗಳಲ್ಲಿ ಇನ್ನೊಂದು ಕಾಟವಿದೆ, ಅದನ್ನೂ ಸಿಡಿಲಿನ ಲೆಕ್ಕಕ್ಕೇ ಬರೆಯುತ್ತಾರೆ. ಗಾಳಿಗೆ ಟಿಸಿಯ (ಟ್ರಾನ್ಸ್‌ಫಾರ್ಮರ್) ಹತ್ತಿರ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರುವ ಮನೆಗೆ 400ರ ಹತ್ತಿರ ಬರಬಹುದು. ಸರ್ಜ್ ಪ್ರೊಟೆಕ್ಟರ್ ಇದನ್ನು ತಡೆಯಲಾರದು, ತಾನೇ ಸುಟ್ಟುಹೋಗುತ್ತದೆ. ಇದಕ್ಕೆ ವೋಲ್ಟೇಜ್ ಹೆಚ್ಚಾದರೆ ಲೈನ್ ಕಡಿಯುವ ಓವರ್‌ ವೋಲ್ಟೇಜ್ ರಿಲೇ ಬೇರೆಯೇ ಬೇಕು. ಬಲ್ಬ್‌ಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ ತಕ್ಷಣ ಮೇನ್ ಆಫ್ ಮಾಡಿ, ಹೆಸ್ಕಾಂನ 1912ಕ್ಕೆ ಫೋನ್ ಹಚ್ಚಿ.

ಇನ್ನು ಅರೆಸ್ಟರ್. ಬಯಲಿನಲ್ಲಿ ಒಂಟಿಯಾಗಿ ನಿಂತ ಮನೆಗೆ ಅದು ಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಒಂದೇ ಸಲಾಕೆ ಇಡೀ ತೋಟ ಕಾಯುತ್ತದೆ ಎಂದು ಮಾರುವವರನ್ನು ನಂಬಬೇಡಿ. ಅರೆಸ್ಟರ್‌ಗೆ ಗುಂಡಿ ಬೇರೆ ಇರಲಿ, ಆದರೆ ಅದನ್ನು ಮನೆಯ ಅರ್ಥಿಂಗ್ ಜೊತೆ ನೆಲದಡಿ ಪಟ್ಟಿಯಿಂದ ಜೋಡಿಸಲೇಬೇಕು. ಇಲ್ಲದಿದ್ದರೆ ಸಿಡಿಲು ಬಡಿದಾಗ ಎರಡರ ನಡುವೆ ಸಾವಿರಾರು ವೋಲ್ಟ್ ಅಂತರ ಹುಟ್ಟಿ, ಮನೆಯ ವೈರಿಂಗ್‌ಗೇ ಕಿಡಿ ಹಾರುತ್ತದೆ. ಪತ್ರಾಸು ಸಿಡಿಲನ್ನು ಎಳೆಯುತ್ತದೆ ಎಂಬ ಭಯ ಬೇಡ. ಎದುರುಬದುರಿನ ಎರಡು ಮೂಲೆಗಳಿಂದ ಅದನ್ನೂ ಅರ್ಥ್ ಮಾಡಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಮೋಡ ಕಟ್ಟಿದ ಕೂಡಲೇ, ಗುಡುಗು ಶುರುವಾಗುವ ಮೊದಲೇ, ಟಿವಿಯ ಪ್ಲಗ್, ಡಿಶ್ ಕೇಬಲ್ ಎರಡನ್ನೂ ಕಿತ್ತಿಡಿ. ಸಿಡಿಲು ತಲೆಯ ಮೇಲೆ ಬಂದಾಗ ಪ್ಲಗ್ ಮುಟ್ಟುವುದೇ ಅಪಾಯ. ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಕರೆಯುವುದಿಲ್ಲ, ಆದರೆ ಚಾರ್ಜಿಗೆ ಹಾಕಿಕೊಂಡು ಮಾತಾಡಬಾರದು. ತೋಟದಲ್ಲಿ ಕೆಲಸ ಮಾಡುವವರಿಗೆ ಇದನ್ನು ಖಂಡಿತ ತಿಳಿಸಿ: ದ್ರಾಕ್ಷಿ ಚಪ್ಪರದ ಕಬ್ಬಿಣದ ತಂತಿಗೆ ದೂರದಲ್ಲೆಲ್ಲೋ ಬಡಿದ ಸಿಡಿಲೂ ಸಾಲಿನುದ್ದಕ್ಕೂ ಹರಿದು ಬರುತ್ತದೆ. ಚಪ್ಪರ, ತಂತಿ ಬೇಲಿ, ಮರ ಮೂರನ್ನೂ ಬಿಟ್ಟು ಮನೆಯೊಳಗೆ ಬರಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಹೋಗುವುದು ಬೇಡ. ಎತ್ತು, ಎಮ್ಮೆಗಳನ್ನೂ ಆ ಬೇವಿನ ಮರದಡಿ ಕಟ್ಟಬೇಡಿ.