ಓದುಗರ ಪ್ರಶ್ನೆ: ರೀಸ್ಟಾರ್ಟ್ ಆಗದ ಅಪ್‌ಡೇಟ್ ಅರ್ಧ ಕೆಲಸ

ಪ್ರಶ್ನೆ: ಮನೆಯ ಕಂಪ್ಯೂಟರ್‌ಗೆ ಒಳ್ಳೆಯ ಆಂಟಿವೈರಸ್ ಹಾಕಿಸಿದ್ದೇವೆ. ಆದರೂ ವಿಂಡೋಸ್ ಪ್ರತಿ ತಿಂಗಳೂ ಅಪ್‌ಡೇಟ್ ಮಾಡಿ ಎಂದು ಕಾಡುತ್ತದೆ. ಒಂದೆರಡು ತಿಂಗಳು ಮುಂದೂಡಿದರೆ ಏನಾಗುತ್ತದೆ?

ಉತ್ತರ: ದಯವಿಟ್ಟು ಮುಂದೂಡಬೇಡಿ. ಬಂದ ಫೈಲು ಕೆಟ್ಟದ್ದೇ ಎಂದು ನೋಡುವುದು ಆಂಟಿವೈರಸ್‌ನ ಕೆಲಸ. ನೀವು ಬಳಸುವ ಪ್ರೋಗ್ರಾಮಿನ ಒಳಗೇ ಉಳಿದುಹೋದ ತಪ್ಪನ್ನು ಅದು ತಿದ್ದಲಾರದು. ಅಂಥ ತಪ್ಪು ಹೇಗಿರುತ್ತದೆ ನೋಡಿ. ಫೋಟೊ ತೋರಿಸುವ ಪ್ರೋಗ್ರಾಮು ಮೊದಲು ಫೈಲಿನಲ್ಲಿ ನಮೂದಾಗಿರುವ ಅಗಲ, ಎತ್ತರ ಓದಿ, ಅಷ್ಟಕ್ಕೆ ಸಾಲುವ ಮೆಮೊರಿ ತೆಗೆದಿಡುತ್ತದೆ. ನಮೂದಾದ ಅಳತೆಯೇ ಸುಳ್ಳಾಗಿದ್ದು ಒಳಗಿನ ಡೇಟಾ ಅದಕ್ಕಿಂತ ಹೆಚ್ಚಿದ್ದರೆ? ಅದನ್ನು ಪರೀಕ್ಷಿಸುವ ಒಂದು ಸಾಲು ಬರೆಯಲು ಮರೆತಿದ್ದರೆ, ಹೆಚ್ಚಾದದ್ದು ಪಕ್ಕದ ಮೆಮೊರಿಗೆ ತುಳುಕುತ್ತದೆ. ಮುಂದೇನು ಮಾಡಬೇಕೆಂಬ ಸೂಚನೆ ಅಲ್ಲಿದ್ದರೆ, ಅದನ್ನು ಅಳಿಸಿ ದಾಳಿಕೋರನ ಸೂಚನೆ ಬಂದು ಕೂರಬಹುದು. ನೀವು ಮಾಡಿದ್ದು ಫೋಟೊ ತೆರೆದದ್ದು, ಅಷ್ಟೇ.

ಅಪ್‌ಡೇಟ್ ಹೊರಬಿದ್ದ ದಿನದಿಂದ, ಅದನ್ನು ಹಾಕಿಕೊಳ್ಳದವರ ಅಪಾಯ ಇನ್ನೂ ಹೆಚ್ಚುತ್ತದೆ. ಪ್ರೋಗ್ರಾಮಿನ ಹಳೆಯ ಫೈಲನ್ನೂ ಹೊಸ ಫೈಲನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತೇಪೆ ಎಲ್ಲಿ ಬಿದ್ದಿದೆ, ಅಂದರೆ ತೂತು ಎಲ್ಲಿತ್ತು ಎಂಬುದು ಬಲ್ಲವರಿಗೆ ತಿಳಿದುಹೋಗುತ್ತದೆ. 2017ರ ಮೇ 12ರಂದು ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದ ವನ್ನಾಕ್ರೈ ಎಂಬ ಕುತಂತ್ರಾಂಶ ನೆನಪಿರಬಹುದು. ಅದು ಬಳಸಿಕೊಂಡ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ನಡುವೆ ಇದ್ದದ್ದು ನೀವು ಹೇಳುವ ಆ ಎರಡು ತಿಂಗಳೇ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ವಿಂಡೋಸಿನ ಹಳೆಯ ಫೈಲ್ ಹಂಚಿಕೆ ವ್ಯವಸ್ಥೆಯ ಮೂಲಕ ಅದು ಒಂದು ಯಂತ್ರದಿಂದ ಇನ್ನೊಂದಕ್ಕೆ ತಾನಾಗಿ ದಾಟಿತು.

ವಿಂಡೋಸಿನ ಭದ್ರತಾ ಅಪ್‌ಡೇಟ್ ಬರುವುದು ತಿಂಗಳ ಎರಡನೇ ಮಂಗಳವಾರ, ಅಮೆರಿಕದ ಸಮಯದಂತೆ. ಆ ವಾರ ಮುಗಿಯುವುದರೊಳಗೆ ಹಾಕಿಕೊಳ್ಳಿ. ಕೆಲಸದ ನಡುವೆ ರೀಸ್ಟಾರ್ಟ್ ಆಗುವ ಭಯವಿದ್ದರೆ ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಆಕ್ಟಿವ್ ಅವರ್ಸ್ ಎಂಬಲ್ಲಿ ನಿಮ್ಮ ಕೆಲಸದ ವೇಳೆ ತುಂಬಿ. ಅಪ್‌ಡೇಟ್ ತಡೆಹಿಡಿಯುವ ‘ಪಾಸ್’ (Pause) ಗುಂಡಿಯನ್ನು ಮುಟ್ಟದಿರುವುದೇ ಒಳ್ಳೆಯದು.

ಪ್ರಶ್ನೆ: ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನೆ. ಆದರೂ ‘ರೀಸ್ಟಾರ್ಟ್ ಬಾಕಿ ಇದೆ’ ಎಂದೇ ತೋರಿಸುತ್ತಿದೆ. ಏಕೆ?

ಉತ್ತರ: ಕಾರಣ ಫಾಸ್ಟ್ ಸ್ಟಾರ್ಟಪ್. ಅದು ಚಾಲೂ ಇದ್ದರೆ ಶಟ್‌ಡೌನ್ ಒತ್ತಿದಾಗ ವಿಂಡೋಸಿನ ತಿರುಳು ಪೂರ್ತಿ ನಿಲ್ಲುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನೀವೇ ನೋಡಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಆರಿಸಿದರೆ ಕೆಳಗೆ ಅಪ್ ಟೈಮ್ ಎಂದಿರುತ್ತದೆ. ಮೊದಲ ಅಂಕಿ ದಿನಗಳದ್ದು. ನಿನ್ನೆ ಆಫ್ ಮಾಡಿದ ಯಂತ್ರ ಅಲ್ಲಿ 12 ಎಂದು ತೋರಿಸಿದರೆ, ಅದು 12 ದಿನಗಳಿಂದ ಸರಿಯಾಗಿ ನಿಂತೇ ಇಲ್ಲ.

ಶಟ್‌ಡೌನ್ ಬದಲು ರೀಸ್ಟಾರ್ಟ್ ಆರಿಸಿದರೆ ಸಾಕು, ಅದು ಯಾವಾಗಲೂ ಪೂರ್ತಿ ನಿಂತು ಏಳುತ್ತದೆ. ಬ್ರೌಸರ್‌ನದೂ ಇದೇ ಕಥೆ. ಕ್ರೋಮ್ ಹೊಸ ಆವೃತ್ತಿಯನ್ನು ಹಿನ್ನೆಲೆಯಲ್ಲಿ ಇಳಿಸಿಕೊಂಡಿದ್ದರೂ, ಮುಚ್ಚಿ ತೆರೆಯುವವರೆಗೆ ಓಡುತ್ತಿರುವುದು ಹಳೆಯದೇ. ಮೂರು ಚುಕ್ಕೆ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್‌ಗೆ ಹೋಗಿ ರೀಲಾಂಚ್ ಒತ್ತಿ. ಟ್ಯಾಬ್‌ಗಳು ಹಾಗೆಯೇ ಮರಳಿ ಬರುತ್ತವೆ, ಇನ್‌ಕಾಗ್ನಿಟೊ ಕಿಟಕಿಗಳು ಮಾತ್ರ ಬರುವುದಿಲ್ಲ.

ಪ್ರಶ್ನೆ: ವಿಂಡೋಸ್ ಅಪ್‌ಡೇಟ್ ಮಾಡಿದರೆ ಉಳಿದ ಪ್ರೋಗ್ರಾಮುಗಳೂ ಅಪ್‌ಡೇಟ್ ಆದಂತೆಯೇ?

ಉತ್ತರ: ಇಲ್ಲ, ಬಹಳ ಜನ ಎಡವುವುದು ಇಲ್ಲೇ. ಜಿಪ್‌ನಂಥ ಗಂಟುಕಟ್ಟಿದ ಫೈಲುಗಳನ್ನು ಬಿಚ್ಚುವ ವಿನ್‌ರಾರ್ ತನ್ನಷ್ಟಕ್ಕೆ ತಾನು ಅಪ್‌ಡೇಟ್ ಆಗುವುದಿಲ್ಲ. ಅದರಲ್ಲಿ 2023ರಲ್ಲಿ ಸಿಕ್ಕ ಒಂದು ತೂತು ಹೀಗಿತ್ತು: ಜಿಪ್‌ನೊಳಗೆ ಒಂದು ಚಿತ್ರ, ಜೊತೆಗೆ ಅದೇ ಹೆಸರಿನ ಒಂದು ಫೋಲ್ಡರ್. ಚಿತ್ರದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಫೋಲ್ಡರ್‌ನಲ್ಲಿದ್ದ ಸ್ಕ್ರಿಪ್ಟ್ ಓಡುತ್ತಿತ್ತು. 6.23ನೇ ಆವೃತ್ತಿಯಲ್ಲಿ ಅದನ್ನು ಸರಿಪಡಿಸಲಾಯಿತು. ಯಾವತ್ತೋ ಹಾಕಿದ ಹಳೆಯ ವಿನ್‌ರಾರ್ ಇಂದಿಗೂ ಹಾಗೆಯೇ ಇರುವ ಮನೆಗಳಿಗೆ ಆ ತೇಪೆ ತಲುಪಿಲ್ಲ.

ಆದೇಶಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ವಿನ್‌ಗೆಟ್ ಅಪ್‌ಗ್ರೇಡ್’ (winget upgrade) ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಹಳತಾದ ಪ್ರೋಗ್ರಾಮುಗಳ ಪಟ್ಟಿ, ಈಗಿರುವ ಆವೃತ್ತಿ, ಸಿಗುವ ಆವೃತ್ತಿ ಬರುತ್ತವೆ. ಎಲ್ಲವೂ ಅದರಲ್ಲಿ ಬರುವುದಿಲ್ಲ; ಬಾರದವನ್ನು ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ವರ್ಷದಿಂದ ತೆರೆಯದ ಪ್ರೋಗ್ರಾಮನ್ನು ಅಪ್‌ಡೇಟ್ ಮಾಡುವ ಗೋಜಿಗೇ ಹೋಗದೆ ತೆಗೆದುಹಾಕಿ. ಫ್ಲಾಶ್ ಪ್ಲೇಯರ್ ಇನ್ನೂ ಇದ್ದರೆ ಇವತ್ತೇ ತೆಗೆಯಿರಿ, ಅದಕ್ಕೆ 2020ರ ಡಿಸೆಂಬರ್ 31ಕ್ಕೇ ಬೆಂಬಲ ನಿಂತಿದೆ.

ಪ್ರಶ್ನೆ: ವಿಂಡೋಸ್ 10 ಚೆನ್ನಾಗಿಯೇ ಓಡುತ್ತಿದೆ. ಬದಲಿಸಲೇಬೇಕೇ?

ಉತ್ತರ: ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರದ ಯಂತ್ರಕ್ಕೆ ಆಮೇಲೆ ಕಂಡುಬಂದ ತೂತುಗಳಿಗೆ ತೇಪೆ ಸಿಗುವುದಿಲ್ಲ. ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದ್ದು, ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದರೆ ವಿಂಡೋಸ್ 11ಕ್ಕೆ ಹೋಗಿ. ಇಲ್ಲವಾದರೆ ವಿಂಡೋಸಿನ ಬದಲು, ಬೆಂಬಲವಿರುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ. ಎರಡೂ ಆಗದಿದ್ದರೆ ಬ್ಯಾಂಕ್ ವ್ಯವಹಾರ, ಇಮೇಲ್ ಆ ಯಂತ್ರದಲ್ಲಿ ಬೇಡ. ಇಂಟರ್ನೆಟ್ ಬಿಚ್ಚಿ ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ.