ಮಕ್ಕಳ ವಾರ್ಡಿನಿಂದ ನರ್ಸ್ ಪ್ರಾಕ್ಟೀಷನರ್‌ವರೆಗೆ: ಡಲ್ಲಾಸ್‌ಗೆ ಬಂದಿರುವ ತಂಗಿಗೆ

ತಂಗಿ,

ಅಕ್ಕಾ ಅಂತ ಬರೆದಿದ್ದೀಯ. ಹಾಗಾಗಿ ನಾನೂ ನೀನು ಅಂತಲೇ ಮಾತಾಡುತ್ತೇನೆ. ಬಿ.ಎಸ್ಸಿ ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ಮಕ್ಕಳ ವಾರ್ಡಿನಲ್ಲಿ ಡ್ಯೂಟಿ ಮಾಡಿದ್ದೀಯ. ಮದುವೆಯಾಗಿ ಎಚ್-4, ಅಂದರೆ ಎಚ್-1ಬಿ ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾದಲ್ಲಿ, ಡಲ್ಲಾಸ್‌ಗೆ ಬಂದು ಮೂರು ತಿಂಗಳಾಗಿದೆ. ಪೀಡಿಯಾಟ್ರಿಕ್ ನರ್ಸ್ ಪ್ರಾಕ್ಟೀಷನರ್, ಅಂದರೆ ಮಕ್ಕಳನ್ನು ತಾನೇ ಪರೀಕ್ಷಿಸಿ ಔಷಧಿ ಬರೆಯುವ ನರ್ಸ್ ಆಗುವ ಕೋರ್ಸಿಗೆ ನೇರವಾಗಿ ಸೇರಬಹುದಾ, ಎಷ್ಟು ವರ್ಷ ಹಿಡಿಯುತ್ತದೆ, ಅಷ್ಟೆಲ್ಲ ಕಷ್ಟಪಟ್ಟರೆ ಸಾರ್ಥಕ ಆಗುತ್ತದಾ ಅಂತ ಕೇಳಿದ್ದೀಯ.

ನೇರವಾಗಿ ಆಗುವುದಿಲ್ಲ. ಮೊದಲು ಇಲ್ಲಿ ಆರ್‌ಎನ್, ಅಂದರೆ ಲೈಸೆನ್ಸ್ ಇರುವ ರಿಜಿಸ್ಟರ್ಡ್ ನರ್ಸ್ ಆಗಲೇಬೇಕು. ಊರಿನ ಓದು, ಅಲ್ಲಿನ ನರ್ಸಿಂಗ್ ಕೌನ್ಸಿಲ್ ನೋಂದಣಿ ಎರಡನ್ನೂ ಸಿಜಿಎಫ್‌ಎನ್‌ಎಸ್‌ನಂಥ (ಈಗ ಅದರ ಹೆಸರು ಟ್ರೂಮೆರಿಟ್) ಸಂಸ್ಥೆ ಪರಿಶೀಲಿಸಿ ವರದಿ ಕೊಡುತ್ತದೆ. ಆಮೇಲೆ ಲೈಸೆನ್ಸಿಗಾಗಿ ಎನ್‌ಕ್ಲೆಕ್ಸ್ ಪರೀಕ್ಷೆ. 2023ರಿಂದ ಅದರಲ್ಲಿ ಒಬ್ಬ ರೋಗಿಯ ಕಥೆ ಕೊಟ್ಟು, ಮುಂದೇನು ಮಾಡುತ್ತೀಯ ಅಂತ ಹಂತಹಂತವಾಗಿ ಕೇಳುವ ಪ್ರಶ್ನೆಗಳು ಜಾಸ್ತಿ ಆಗಿವೆ. ಉರು ಹೊಡೆದರೆ ನಡೆಯುವುದಿಲ್ಲ. ವಾರ್ಡಿನಲ್ಲಿ ಕಣ್ಣು ಬಿಟ್ಟು ಕೆಲಸ ಮಾಡಿದವರಿಗೆ ಅದೇ ಒಳ್ಳೆಯದು.

ಪರೀಕ್ಷೆಗಿಂತ ನನ್ನನ್ನು ಸತಾಯಿಸಿದ್ದು ಕಾಗದಪತ್ರ. ಅಂಕಪಟ್ಟಿ ನಾವು ಕಳಿಸಿದರೆ ಒಪ್ಪುವುದಿಲ್ಲ. ಕಾಲೇಜು ಮತ್ತು ಕೌನ್ಸಿಲ್ ತಾವೇ ಕಳಿಸಬೇಕು. ನಾನು ಓದಿದ ಕಾಲೇಜಿನಿಂದ ಅದು ಹೊರಡುವುದಕ್ಕೇ ಹನ್ನೊಂದು ತಿಂಗಳು ಬೇಕಾಯಿತು. ಅಪ್ಪ ಬಿಸಿಲಲ್ಲಿ ನಾಲ್ಕು ಸಲ ಹೋಗಿ ಬಂದರು. ಇದನ್ನು ನಾಳೆಯೇ ಶುರು ಮಾಡು. ಓದುವುದಕ್ಕೆ ಮೊದಲೇ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ಎಚ್-4ನಲ್ಲಿ ಓದಬಹುದು, ದುಡಿಯುವ ಹಾಗಿಲ್ಲ. ನಿನ್ನ ಯಜಮಾನರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿದ್ದರೆ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಆ ನಿಯಮ ಬಂದದ್ದು 2015ರಲ್ಲಿ. ನಾನು 2008ರಲ್ಲಿ ಬಂದಾಗ ಅದೂ ಇರಲಿಲ್ಲ, ಗ್ರೀನ್ ಕಾರ್ಡ್ ಬರುವವರೆಗೆ ನಾಲ್ಕು ವರ್ಷ ಮನೆಯಲ್ಲೇ ಇದ್ದೆ. ಇನ್ನೊಂದು ಮಾತು ನೆನಪಿಟ್ಟುಕೋ. ಸಾಮಾನ್ಯ ವಾರ್ಡ್ ನರ್ಸ್ ಕೆಲಸಕ್ಕೆ ಎಚ್-1ಬಿ ಸಿಗುವುದು ಅಪರೂಪ, ನರ್ಸ್ ಪ್ರಾಕ್ಟೀಷನರ್ ಕೆಲಸಕ್ಕೆ ಸಿಗುತ್ತದೆ. ಲೈಸೆನ್ಸಿಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುವ ರಾಜ್ಯಗಳಿವೆ. ನಿನ್ನ ಸ್ಥಿತಿಗೆ ಟೆಕ್ಸಾಸ್ ಬೋರ್ಡಿನ ನಿಯಮ ಏನು ಅಂತ ದುಡ್ಡು ಕಟ್ಟುವ ಮೊದಲೇ ವಿಚಾರಿಸು.

ಈಗ ಮುಖ್ಯ ವಿಷಯ. ಆರ್‌ಎನ್ ಆದ ತಕ್ಷಣ ಮಾಸ್ಟರ್ಸ್‌ಗೆ ಓಡಬೇಡ. ಇಲ್ಲಿನ ಮಕ್ಕಳ ವಾರ್ಡಿನಲ್ಲಿ ಎರಡು ವರ್ಷವಾದರೂ ಕೆಲಸ ಮಾಡು. ನಿನಗೆ ಕೆಲಸ ಬರುವುದಿಲ್ಲ ಅಂತ ಅಲ್ಲ. ಊರಿನಲ್ಲಿ ಒಬ್ಬಳೇ ಇಪ್ಪತ್ತು ಮಕ್ಕಳನ್ನು ನೋಡಿಕೊಂಡವರ ಕೈ ಇಲ್ಲಿ ಯಾರಿಗೂ ಕಡಿಮೆ ಇಲ್ಲ. ಬದಲಾಗಬೇಕಾದ್ದು ಬೇರೆ. ನಾವು ಆರ್ಡರ್‌ಗೆ ಕಾಯುವುದನ್ನು ಕಲಿತು ಬಂದವರು. ರೌಂಡ್ಸ್‌ನಲ್ಲಿ ಡಾಕ್ಟರ ಹಿಂದೆ ಫೈಲ್ ಹಿಡಿದು ನಿಲ್ಲುತ್ತಿದ್ದೆವು. ಮಗು ಸರಿ ಇಲ್ಲ ಅಂತ ನಮಗೆ ಮೊದಲೇ ಗೊತ್ತಾಗುತ್ತಿತ್ತು, ಆದರೆ ಬಾಯಿ ಬಿಡುತ್ತಿರಲಿಲ್ಲ. ಇಲ್ಲಿ ನನ್ನ ಮೊದಲ ವರ್ಷ ಒಬ್ಬ ಡಾಕ್ಟರ್ ತಿರುಗಿ, 'ನಿಮಗೇನನ್ನಿಸುತ್ತದೆ?' ಅಂದರು. ನನಗೆ ಮಾತೇ ಹೊರಡಲಿಲ್ಲ. ಆ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಡುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ನರ್ಸ್ ಪ್ರಾಕ್ಟೀಷನರ್ ಕೆಲಸ ನಿಂತಿರುವುದೇ ಆ ಉತ್ತರದ ಮೇಲೆ.

ಈ ಹುದ್ದೆ ಹುಟ್ಟಿದ್ದೂ ಹಾಗೆಯೇ. 1965ರಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮೊದಲ ತರಬೇತಿ ಶುರು ಮಾಡಿದರು. ಡಾಕ್ಟರು ಸಿಗದ ಕಡೆ ಮಕ್ಕಳನ್ನು ನರ್ಸ್‌ಗಳೇ ಪರೀಕ್ಷೆ ಮಾಡಿ ನಿರ್ಧಾರ ತೆಗೆದುಕೊಳ್ಳಬಲ್ಲರು ಅನ್ನುವುದು ಅವರ ನಂಬಿಕೆ. ಅಂದರೆ ನರ್ಸ್ ಪ್ರಾಕ್ಟೀಷನರ್ ಕೆಲಸ ಮೊದಲು ಶುರುವಾದದ್ದೇ ಮಕ್ಕಳ ವಿಭಾಗದಲ್ಲಿ. ನಾನು ಅದೇ ಕೊಲೊರಾಡೊ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಅದನ್ನು ನೆನೆದರೆ ಈಗಲೂ ಹೆಮ್ಮೆ ಆಗುತ್ತದೆ.

ಕೋರ್ಸ್ ಅಂದರೆ ಮಾಸ್ಟರ್ಸ್ ಅಥವಾ ಡಿಎನ್‌ಪಿ (ನರ್ಸಿಂಗ್‌ನಲ್ಲಿ ಡಾಕ್ಟರೇಟ್). ಡಿಎನ್‌ಪಿ ಕಡೆಗೆ ಒಲವು ಜಾಸ್ತಿ ಆಗುತ್ತಿದೆ, ಆದರೆ ಮಾಸ್ಟರ್ಸ್ ಮಾಡಿದವರೂ ಸರ್ಟಿಫಿಕೇಷನ್ ಪರೀಕ್ಷೆ ಬರೆಯಬಹುದು. ಸೇರುವಾಗಲೇ ಪ್ರೈಮರಿ ಕೇರ್ ಬೇಕಾ, ಅಕ್ಯೂಟ್ ಕೇರ್ ಬೇಕಾ ಅಂತ ಆರಿಸಬೇಕು. ಪ್ರೈಮರಿ ಅಂದರೆ ಕ್ಲಿನಿಕ್, ಲಸಿಕೆ, ಬೆಳವಣಿಗೆ, ಕೆಮ್ಮು ಜ್ವರ. ಅಕ್ಯೂಟ್ ಅಂದರೆ ಆಸ್ಪತ್ರೆ, ಐಸಿಯು. ಎರಡಕ್ಕೂ ಪರೀಕ್ಷೆ ಬೇರೆ ಬೇರೆ. ಒಂದನ್ನು ಓದಿ ಇನ್ನೊಂದರ ಕೆಲಸ ಹುಡುಕಿದರೆ ತೊಂದರೆ ಆಗುತ್ತದೆ. ವಾರ್ಡ್ ಕೆಲಸದ ಎರಡು ವರ್ಷ ಈ ಆಯ್ಕೆಗೂ ಸಹಾಯ ಮಾಡುತ್ತದೆ. ನಾನು ಐಸಿಯು ಹುಡುಗಿ ಅಂತಲೇ ಅಂದುಕೊಂಡಿದ್ದೆ, ಕೊನೆಗೆ ಕ್ಲಿನಿಕ್ ಆರಿಸಿಕೊಂಡೆ. ಹುಟ್ಟಿದ ವಾರದಲ್ಲಿ ನೋಡಿದ ಮಗು ಐದು ವರ್ಷಕ್ಕೆ ಶಾಲೆಯ ಬ್ಯಾಗ್ ತೋರಿಸುವುದಕ್ಕೆ ಬರುತ್ತದಲ್ಲ, ಅದು ಬೇಕಿತ್ತು ನನಗೆ.

ಕಾಲೇಜು ಆರಿಸುವಾಗ ಒಂದೇ ಪ್ರಶ್ನೆ ಕೇಳು: ಪ್ರಿಸೆಪ್ಟರನ್ನು (ಕ್ಲಿನಿಕ್‌ನಲ್ಲಿ ಕೆಲಸ ಕಲಿಸುವವರನ್ನು) ನೀವು ಕೊಡುತ್ತೀರಾ, ನಾನೇ ಹುಡುಕಬೇಕಾ? ರೋಗಿಗಳನ್ನು ನೇರವಾಗಿ ನೋಡುವ ಗಂಟೆಗಳು ಹಿಂದೆ ಕನಿಷ್ಠ 500 ಇದ್ದವು. 2022ರ ರಾಷ್ಟ್ರೀಯ ಮಾನದಂಡ 750 ಅನ್ನುತ್ತದೆ. ಅಷ್ಟು ಹೊತ್ತು ನಿನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸುವವರು ಬೇಕಲ್ವಾ? ನಾನು ಮೊದಲು ಸೇರಿದ ಆನ್‌ಲೈನ್ ಕೋರ್ಸಿನಲ್ಲಿ ನೀವೇ ಹುಡುಕಿಕೊಳ್ಳಿ ಅಂದರು. ಇಪ್ಪತ್ತೆರಡು ಕ್ಲಿನಿಕ್‌ಗಳಿಗೆ ಫೋನ್ ಮಾಡಿದೆ. ಒಂದು ಸೆಮಿಸ್ಟರ್, ಅದರ ಫೀಸು ಎರಡೂ ಹೋದವು. ಆಮೇಲೆ ಬೇರೆ ಕಡೆ ಸೇರಿ 2018ರಲ್ಲಿ ಮುಗಿಸಿದೆ.

ಕಲಿತದ್ದರಲ್ಲಿ ನನಗೆ ಮರೆಯಲಾಗದ್ದು ಕಿವಿ. ಊರಿನಲ್ಲಿ ಕಿವಿಯೊಳಗೆ ನೋಡುವ ಓಟೋಸ್ಕೋಪ್ ಡಾಕ್ಟರ ಕೈಯಲ್ಲಿ ಇರುತ್ತಿತ್ತು, ನಾವು ಮಗುವನ್ನು ಹಿಡಿದುಕೊಳ್ಳುತ್ತಿದ್ದೆವು. ಇಲ್ಲಿ ಅದು ನನ್ನ ಕೈಗೆ ಬಂತು. ಮಗುವನ್ನು ಅಮ್ಮನ ತೊಡೆಯ ಮೇಲೆ ಕೂರಿಸಿ, ತಲೆಯನ್ನು ಅವಳ ಎದೆಗೆ ಒರಗಿಸಿ ನೋಡಬೇಕು. ಜೋರಾಗಿ ಅತ್ತರೂ ಕಿವಿತಮಟೆ ಕೆಂಪಾಗುತ್ತದೆ. ಕೆಂಪು ಕಂಡ ಮಾತ್ರಕ್ಕೆ ಸೋಂಕು ಅಲ್ಲ, ತಮಟೆ ಉಬ್ಬಿದೆಯಾ ಅಂತ ನೋಡಬೇಕು. ಇಷ್ಟು ತಿಳಿಯದಿದ್ದರೆ ಎಷ್ಟೋ ಮಕ್ಕಳು ಸುಮ್ನೆ ಆಂಟಿಬಯೋಟಿಕ್ ಕುಡಿಯುತ್ತಾರೆ. ನೂರಾರು ಕಿವಿ ನೋಡಿದ ಮೇಲೆ ಒಂದು ದಿನ, 'ಇದು ಸೋಂಕಲ್ಲ, ಎರಡು ದಿನ ಕಾಯೋಣ' ಅಂತ ನಾನಾಗಿಯೇ ಹೇಳಿದೆ. ಪ್ರಿಸೆಪ್ಟರ್ ಮತ್ತೆ ನೋಡಿ ತಲೆಯಾಡಿಸಿದರು.

ಕಾಯಬಾರದ ದಿನವೂ ಬರುತ್ತದೆ. ಕೆಲಸಕ್ಕೆ ಸೇರಿದ ಎರಡನೇ ವಾರ ಐದು ವಾರದ ಕೂಸು ಬಂತು. ಜ್ವರ 100.4 ಡಿಗ್ರಿ. ಹಾಲು ಕುಡಿಯುತ್ತಿತ್ತು, ನೋಡುವುದಕ್ಕೂ ಚೆನ್ನಾಗಿತ್ತು. ಅಷ್ಟು ಚಿಕ್ಕ ಕೂಸಿಗೆ ಅಷ್ಟು ಜ್ವರ ಇದ್ದರೆ ಮನೆಗೆ ಕಳಿಸುವ ಹಾಗಿಲ್ಲ, ರಕ್ತ ಮೂತ್ರ ಪರೀಕ್ಷೆ ಆಗಲೇಬೇಕು. ಅಪ್ಪ ಅಮ್ಮ ಬೇಡ ಅಂದರು. ಅವರ ಎದುರು ಕೂತು, ಯಾಕೆ ಹೋಗಬೇಕು ಅಂತ ನಿಧಾನವಾಗಿ ಹೇಳಿ ಎಮರ್ಜೆನ್ಸಿಗೆ ಕಳಿಸಿದೆ. ಮೂತ್ರದ ಸೋಂಕು ಇತ್ತು. ಕೂಸು ಗುಣವಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಮಾತಾಡದೆ ಇದ್ದಿದ್ದರೆ ಅನ್ನುವುದೇ ತಲೆಯಲ್ಲಿ.

ಸರ್ಟಿಫಿಕೇಷನ್ ಸಿಕ್ಕ ಮೇಲೂ ಓದು ನಿಲ್ಲುವುದಿಲ್ಲ. ಪಿಎನ್‌ಸಿಬಿ ಎಂಬ ಮಕ್ಕಳ ನರ್ಸಿಂಗ್ ಮಂಡಳಿ ಕೊಡುವ ಸರ್ಟಿಫಿಕೇಟನ್ನು ಪ್ರತಿ ವರ್ಷ ನವೀಕರಿಸಬೇಕು. 1973ರಿಂದ ಇರುವ ನಾಪ್ನಾಪ್ ಎಂಬ ಮಕ್ಕಳ ನರ್ಸ್ ಪ್ರಾಕ್ಟೀಷನರ್‌ಗಳ ಸಂಘಕ್ಕೆ ವಿದ್ಯಾರ್ಥಿ ಆಗಿರುವಾಗಲೇ ಸೇರು. ಅದರ ಸಮ್ಮೇಳನದಲ್ಲೇ ನನಗೆ ಮೊದಲ ಕೆಲಸದ ಸುಳಿವು ಸಿಕ್ಕಿತು. ರಾಜ್ಯದ ನಿಯಮವೂ ಗೊತ್ತಿರಲಿ. ಟೆಕ್ಸಾಸ್‌ನಲ್ಲಿ ಔಷಧಿ ಬರೆಯುವುದಕ್ಕೆ ಡಾಕ್ಟರ ಜೊತೆ ಲಿಖಿತ ಒಪ್ಪಂದ ಬೇಕು. ಕೊಲೊರಾಡೊದಲ್ಲಿ ಆರಂಭದ ಮಾರ್ಗದರ್ಶನದ ಗಂಟೆಗಳು ಮುಗಿದರೆ ಸ್ವತಂತ್ರವಾಗಿ ಬರೆಯಬಹುದು.

ಸಂಬಳದ ಬಗ್ಗೆ ಮುಚ್ಚಿಡುವುದಿಲ್ಲ. ಸರ್ಕಾರದ 2023ರ ಲೆಕ್ಕದಲ್ಲಿ ಆರ್‌ಎನ್‌ಗಳ ಮಧ್ಯಮ ಸಂಬಳ ವರ್ಷಕ್ಕೆ ಸುಮಾರು 86 ಸಾವಿರ ಡಾಲರ್, ನರ್ಸ್ ಪ್ರಾಕ್ಟೀಷನರ್‌ಗಳದ್ದು ಸುಮಾರು 1 ಲಕ್ಷ 26 ಸಾವಿರ. ಮಕ್ಕಳ ಕ್ಲಿನಿಕ್‌ನಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆದರೆ ಎಲ್ಲ ವಯಸ್ಸಿನವರನ್ನೂ ನೋಡಬಹುದು, ಸಣ್ಣ ಊರಲ್ಲೂ ಕೆಲಸ ಸಿಗುತ್ತದೆ. ದುಡ್ಡು ಮುಖ್ಯ ಆದರೆ ಅದನ್ನೇ ಮಾಡು, ತಪ್ಪೇನಿಲ್ಲ. ಆದರೆ ನಿನ್ನ ಪತ್ರದಲ್ಲಿ ಮಕ್ಕಳ ವಾರ್ಡ್ ಬಿಟ್ಟು ಬಂದದ್ದಕ್ಕೆ ಅಳು ಬರುತ್ತದೆ ಅಂತ ಬರೆದಿದ್ದೀಯಲ್ಲ. ನನಗಾದರೆ ಆ ಒಂದು ಸಾಲೇ ಸಾಕಿತ್ತು.

ಒಟ್ಟು ಆರೇಳು ವರ್ಷ ಹಿಡಿಯಬಹುದು. ನನಗೆ ಹತ್ತಾಯಿತು. ಈ ವಾರ ಕಾಲೇಜಿಗೆ ಫೋನ್ ಮಾಡಿ, ಟ್ರಾನ್ಸ್‌ಕ್ರಿಪ್ಟ್ ಯಾರ ಟೇಬಲ್ಲಿಗೆ ಹೋಗುತ್ತದೆ ಅಂತ ತಿಳಿದುಕೋ. ಯಜಮಾನರ ಐ-140 ಯಾವ ಹಂತದಲ್ಲಿದೆ ಅಂತ ಕೇಳು. ಅವೆರಡೂ ಗೊತ್ತಾದ ಮೇಲೆ ಬರೆ, ಎನ್‌ಕ್ಲೆಕ್ಸ್‌ಗೆ ಹೇಗೆ ಓದಿದೆ ಅಂತ ಹೇಳುತ್ತೇನೆ.