777 ಹಾಕುವುದನ್ನು ಮೊದಲು ನಿಲ್ಲಿಸಿ ಸರ್

ಸರ್, ನಿಮ್ಮ ಪೋಸ್ಟೂ ಅದರ ಕೆಳಗಿನ ಸಲಹೆಗಳೂ ಓದಿದೆ. ನೀವು ವಿಂಡೋಸ್ ಲ್ಯಾಪ್‌ಟಾಪ್‌ನ ಡಬ್ಲ್ಯುಎಸ್ಎಲ್‌ನಿಂದ (ವಿಂಡೋಸ್ ಒಳಗೇ ಓಡುವ ಲಿನಕ್ಸ್) ಮನೆಯ ಉಬುಂಟು ಡೆಸ್ಕ್‌ಟಾಪ್‌ಗೆ ಎಸ್ಎಸ್ಎಚ್ (ನೆಟ್‌ವರ್ಕ್ ಮೂಲಕ ಲಾಗಿನ್) ಮಾಡೋಕೆ ಹೋಗಿದ್ದೀರಿ. ಪಾಸ್‌ವರ್ಡ್ ಬದಲು ಬಳಸೋ ಕೀ ಫೈಲ್ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿದೆ. 'ಪರ್ಮಿಷನ್ಸ್ 0777 ಆರ್ ಟೂ ಓಪನ್', ಅಂದರೆ ಕೀ ಎಲ್ಲರಿಗೂ ತೆರೆದಿದೆ ಅಂತ ಬಂತು. ಪರ್ಮಿಷನ್ ಬದಲಿಸೋ ಸಿಎಚ್‌ಮಾಡ್ ಕಮಾಂಡ್‌ನಲ್ಲಿ 600 (ಓನರ್‌ಗೆ ಮಾತ್ರ ಓದೋ, ಬರೆಯೋ ಹಕ್ಕು) ಕೊಟ್ಟರೂ ಎರರ್ ಹೋಗಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ಡೆಸ್ಕ್‌ಟಾಪ್‌ನ ಹೋಮ್ ಫೋಲ್ಡರ್‌ಗೆ ಪೂರ್ತಿ -ಆರ್ 777 (ಒಳಗಿರೋ ಪ್ರತಿಯೊಂದಕ್ಕೂ ಎಲ್ಲರಿಗೂ ಎಲ್ಲ ಹಕ್ಕು) ಹೊಡೆದಿದ್ದೀರಿ. ಈಗ ಅದು ಕೀ ಒಪ್ಪದೆ ಪಾಸ್‌ವರ್ಡ್ ಕೇಳುತ್ತಿದೆ. ಇದೇ ದಾರಿಯಲ್ಲಿ ನಾನೂ ಒಮ್ಮೆ ಹೋಗಿದ್ದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಹತ್ತಿರ ಈಗ ಇರೋದು ಎರಡು ಬೇರೆ ಬೇರೆ ತೊಂದರೆ. ಒಂದು ಲ್ಯಾಪ್‌ಟಾಪ್ ಕಡೆ, ಮೊದಲಿಂದಲೂ ಇದ್ದದ್ದು. ಇನ್ನೊಂದು ಡೆಸ್ಕ್‌ಟಾಪ್ ಕಡೆ, 777 ಹೊಡೆದ ಮೇಲೆ ಹುಟ್ಟಿದ್ದು. ಎರಡನ್ನೂ ಒಟ್ಟಿಗೆ ಕೆದಕಿದರೆ ಯಾವುದು ಸರಿಯಾಯಿತು ಅಂತ ಗೊತ್ತಾಗಲ್ಲ.

ಮೊದಲು ಲ್ಯಾಪ್‌ಟಾಪ್. /ಎಂಎನ್‌ಟಿ/ಸಿ (ನಿಮ್ಮ ಡೌನ್‌ಲೋಡ್ಸ್ ಇರೋ ಸಿ ಡ್ರೈವ್) ಕೆಳಗೆ ಕಾಣೋದೆಲ್ಲ ವಿಂಡೋಸ್‌ನ ಎನ್‌ಟಿಎಫ್ಎಸ್ ಡ್ರೈವ್. ಅಲ್ಲಿ ಲಿನಕ್ಸ್ ಪರ್ಮಿಷನ್ ಇಟ್ಟುಕೊಳ್ಳೋಕೆ ಮೆಟಾಡೇಟಾ ಆಪ್ಷನ್ ಆನ್ ಆಗಿರಬೇಕು. ಇಲ್ಲದಿದ್ದರೆ ಸಿಎಚ್‌ಮಾಡ್ 600 ಕೊಟ್ಟಾಗ ಎರರ್ ಕೂಡ ಬರಲ್ಲ. ಸುಮ್ನೆ ಪ್ರಾಂಪ್ಟ್ ವಾಪಸ್ ಬರುತ್ತೆ. ಎಲ್ಎಸ್ -ಎಲ್ ಕೊಟ್ಟು ನೋಡಿ, ಆರ್‌ಡಬ್ಲ್ಯುಎಕ್ಸ್ (ಓದೋ, ಬರೆಯೋ, ಓಡಿಸೋ ಹಕ್ಕು) ಮೂರು ಸಲ ಹಾಗೇ ಇರುತ್ತೆ. ಕೀಯನ್ನು ಡಬ್ಲ್ಯುಎಸ್ಎಲ್‌ನ ಸ್ವಂತ ಹೋಮ್‌ನ .ಎಸ್ಎಸ್ಎಚ್ ಫೋಲ್ಡರ್‌ಗೆ ಕಾಪಿ ಮಾಡಿ. ಅಲ್ಲಿ ಕೀಗೆ 600, ಫೋಲ್ಡರ್‌ಗೆ 700 (ಓನರ್‌ಗೆ ಮಾತ್ರ ಎಲ್ಲ ಹಕ್ಕು). ಡೌನ್‌ಲೋಡ್ಸ್‌ನಲ್ಲಿರೋ ಪ್ರತಿಯನ್ನು ಅಳಿಸಿ, ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ವಿಂಡೋಸ್‌ನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳಲ್ಲಂತೂ ಇಡಲೇಬೇಡಿ. ಒನ್‌ಡ್ರೈವ್ ಬ್ಯಾಕಪ್ ಆನ್ ಇದ್ದರೆ ನಿಮಗೆ ಗೊತ್ತಿಲ್ಲದೇ ಕೀ ಕ್ಲೌಡ್‌ಗೆ ಹೋಗಿರುತ್ತೆ.

ಸಿ ಡ್ರೈವ್‌ನಲ್ಲೇ ಇಡಬೇಕು ಅಂದರೆ /ಇಟಿಸಿ/ಡಬ್ಲ್ಯುಎಸ್ಎಲ್.ಕಾನ್ಫ್ ಫೈಲ್‌ನ ಆಟೋಮೌಂಟ್ ಭಾಗದಲ್ಲಿ ಆಪ್ಷನ್ಸ್‌ಗೆ ಮೆಟಾಡೇಟಾ ಸೇರಿಸಿ. ಆಮೇಲೆ ವಿಂಡೋಸ್ ಕಡೆಯಿಂದ ಡಬ್ಲ್ಯುಎಸ್ಎಲ್ --ಶಟ್‌ಡೌನ್ ಕೊಟ್ಟು ಮತ್ತೆ ಶುರು ಮಾಡಿ. ಟರ್ಮಿನಲ್ ಕಿಟಕಿ ಮುಚ್ಚಿ ತೆರೆದರೆ ಸಾಲದು.

ನಿಮ್ಮ ಪೋಸ್ಟ್ ಕೆಳಗೆ ಒಬ್ಬರು 'ಸುಡೊ ಹಾಕಿ ಎಸ್ಎಸ್ಎಚ್ ಮಾಡಿ, ಕೆಲಸ ಮಾಡುತ್ತೆ' ಅಂದಿದ್ದಾರೆ. ಸುಡೊ ಅಂದರೆ ರೂಟ್ (ಮೆಷಿನ್‌ನ ಎಲ್ಲ ಹಕ್ಕಿರುವ ಯೂಸರ್) ಆಗಿ ಓಡಿಸೋದು. ಕೆಲಸ ಮಾಡುತ್ತೆ ನಿಜ. ಯಾಕೆ ಅಂದರೆ, ಫೈಲ್‌ನ ಓನರ್ ಎಸ್ಎಸ್ಎಚ್ ಓಡಿಸುತ್ತಿರುವ ಯೂಸರೇ ಆಗಿದ್ದರೆ ಮಾತ್ರ ಅದು ಈ ಪರ್ಮಿಷನ್ ತಪಾಸಣೆ ಮಾಡುತ್ತೆ. ನೀವು ರೂಟ್ ಆದಿರಿ, ಫೈಲ್ ಇನ್ನೊಬ್ಬರ ಹೆಸರಲ್ಲಿದೆ, ತಪಾಸಣೆ ತಪ್ಪಿತು. ಅದು ಪರಿಹಾರ ಅಲ್ಲ. ಕೀ ಇನ್ನೂ ಎಲ್ಲರಿಗೂ ತೆರೆದೇ ಇದೆ. ದಯವಿಟ್ಟು ಇಂಥ ಸಲಹೆ ಹೊಸಬರಿಗೆ ಕೊಡಬೇಡಿ.

ಈಗ ಡೆಸ್ಕ್‌ಟಾಪ್. ಇಲ್ಲಿ ಲಾಗಿನ್ ಸ್ವೀಕರಿಸೋ ಪ್ರೋಗ್ರಾಂ ಆದ ಎಸ್ಎಸ್ಎಚ್‌ಡಿಯ ಸ್ಟ್ರಿಕ್ಟ್‌ಮೋಡ್ಸ್ ಅನ್ನೋ ಸೆಟ್ಟಿಂಗ್ ತಾನಾಗಿಯೇ ಆನ್ ಇರುತ್ತೆ. ನಿಮ್ಮ ಹೋಮ್, .ಎಸ್ಎಸ್ಎಚ್ ಫೋಲ್ಡರ್, ಒಪ್ಪಬೇಕಾದ ಕೀಗಳ ಪಟ್ಟಿ ಇರೋ ಆಥರೈಸ್ಡ್_ಕೀಸ್ ಫೈಲ್, ಈ ಮೂರರಲ್ಲಿ ಯಾವುದಕ್ಕೇ ಆಗಲಿ ಬೇರೆಯವರಿಗೆ ಬರೆಯೋ ಹಕ್ಕು ಇದ್ದರೆ ಅದು ಕೀ ಫೈಲನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಅದು ಸರಿಯೇ ಅಲ್ವಾ? ಹೋಮ್‌ನಲ್ಲಿ ಯಾರು ಬೇಕಾದರೂ ಬರೆಯಬಹುದು ಅಂದಮೇಲೆ, ನಿಮ್ಮ .ಎಸ್ಎಸ್ಎಚ್ ಫೋಲ್ಡರ್‌ನ ಹೆಸರು ಬದಲಿಸಿ ತಮ್ಮದೊಂದು ಅಲ್ಲಿ ಇಡಬಹುದು. ಅಲ್ಲಿಗೆ ನಿಮ್ಮ ಹೆಸರಲ್ಲಿ ಲಾಗಿನ್ ಆದಂತೆಯೇ.

ಲ್ಯಾಪ್‌ಟಾಪ್‌ನಲ್ಲಿ ಎಸ್ಎಸ್ಎಚ್‌ಗೆ ವಿವರ ತೋರಿಸೋ -ವಿ ಎಷ್ಟು ಸೇರಿಸಿದರೂ ಕಾರಣ ಕಾಣಲ್ಲ. ಕೀ ಕಳಿಸಿದೆ, ಒಪ್ಪಲಿಲ್ಲ, ಪಾಸ್‌ವರ್ಡ್‌ಗೆ ಹೋಯಿತು, ಇಷ್ಟೇ ಕಾಣೋದು. ಕಾರಣ ಇರೋದು ಡೆಸ್ಕ್‌ಟಾಪ್‌ನ ಲಾಗ್‌ನಲ್ಲಿ. ಪಾಸ್‌ವರ್ಡ್ ಇನ್ನೂ ಕೆಲಸ ಮಾಡುತ್ತಿದೆಯಲ್ಲ, ಒಳಗೆ ಹೋಗಿ ಸುಡೊ ಜರ್ನಲ್‌ಸಿಟಿಎಲ್ -ಯು ಎಸ್ಎಸ್ಎಚ್ ಕೊಡಿ. 'ಬ್ಯಾಡ್ ಓನರ್‌ಶಿಪ್ ಆರ್ ಮೋಡ್ಸ್' ಅನ್ನೋ ಸಾಲು ಇರುತ್ತೆ, ಯಾವ ಫೋಲ್ಡರ್ ಅಂತಲೂ ಬರೆದಿರುತ್ತೆ.

ನಾನು ಯಾವಾಗಲೂ ಮೊದಲು ಓಡಿಸೋದು ನೇಮ್ಐ -ಎಲ್. ಆಥರೈಸ್ಡ್_ಕೀಸ್‌ನ ಪೂರ್ತಿ ಪಾತ್ ಕೊಟ್ಟರೆ ಎಲ್ಲಕ್ಕೂ ಮೇಲಿನ / ಫೋಲ್ಡರ್‌ನಿಂದ ಹಿಡಿದು ಆ ಫೈಲ್‌ವರೆಗೆ ಒಂದೊಂದು ಮೆಟ್ಟಿಲಿನ ಪರ್ಮಿಷನ್, ಓನರ್, ಗ್ರೂಪ್ ಸಾಲಾಗಿ ಬರುತ್ತೆ. ಜನ ಕೊನೆಯ ಫೈಲನ್ನೇ ನೋಡಿ '600 ಇದೆಯಲ್ಲ' ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ತಪ್ಪು ಇರೋದು ಎರಡು ಮೆಟ್ಟಿಲು ಮೇಲೆ. ವೆಬ್ ಸರ್ವರ್ 403 (ಪ್ರವೇಶ ಇಲ್ಲ) ಕೊಟ್ಟಾಗ, ಸಾಂಬಾದಲ್ಲಿ ಹಂಚಿಕೊಂಡ ಫೋಲ್ಡರ್ ತೆರೆಯದಿದ್ದಾಗಲೂ ಇದನ್ನೇ ಓಡಿಸಿ. ಫೋಲ್ಡರ್‌ನಲ್ಲಿ ಎಕ್ಸ್ ಇಲ್ಲದಿದ್ದರೆ ಒಳಗೆ ದಾಟೋಕೆ ಆಗಲ್ಲ, ಒಳಗಿನ ಫೈಲ್‌ಗೆ ಏನೇ ಕೊಟ್ಟಿರಲಿ.

ಸರಿಪಡಿಸೋಕೆ ಇಷ್ಟು ಸಾಕು: ಹೋಮ್‌ಗೆ ಸಿಎಚ್‌ಮಾಡ್ -ಆರ್ ಜಿಒ-ಡಬ್ಲ್ಯು. ಗ್ರೂಪ್ ಮತ್ತು ಬೇರೆಯವರ ಬರೆಯೋ ಹಕ್ಕು ಮಾತ್ರ ಹೋಗುತ್ತೆ, ಉಳಿದದ್ದು ಹಾಗೇ ಇರುತ್ತೆ. ಆಮೇಲೆ ಹೋಮ್‌ಗೆ 750. ಉಬುಂಟು 21.04ರಿಂದ ಹೊಸ ಯೂಸರ್‌ಗೆ ಅದೇ ಡೀಫಾಲ್ಟ್. .ಎಸ್ಎಸ್ಎಚ್‌ಗೆ 700, ಒಳಗಿನ ಕೀ, ಆಥರೈಸ್ಡ್_ಕೀಸ್‌ಗೆ 600. ಗಾಬರಿಯಲ್ಲಿ ಹೋಮ್‌ಗೆ -ಆರ್ 600 ಮಾತ್ರ ಕೊಡಬೇಡಿ. ಎಲ್ಲ ಫೋಲ್ಡರ್‌ನ ಎಕ್ಸ್ ಹೋಗಿ ನಿಮ್ಮ ಮನೆಗೆ ನೀವೇ ಕಾಲಿಡೋಕಾಗಲ್ಲ. ಗಿಟ್ ಬಳಸುತ್ತಿದ್ದರೆ ಇನ್ನೊಂದು: ಗಿಟ್ ಡಿಫ್‌ನಲ್ಲಿ ಒಂದಕ್ಷರ ಮುಟ್ಟದ ಫೈಲ್‌ಗಳೆಲ್ಲ '100644 ಇದ್ದದ್ದು 100755 ಆಗಿದೆ' ಅಂತ ತೋರಿಸುತ್ತೆ. ಅದು ನಿಮ್ಮ 777ನ ಗುರುತು. ಕಮಿಟ್ ಮಾಡೋ ಮೊದಲು ಆ ಫೈಲ್‌ಗಳ ಎಕ್ಸ್ ತೆಗೆಯಿರಿ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪಾಸ್‌ವರ್ಡ್ ಫೈಲ್ .ಪಿಜಿಪಾಸ್ ಇದ್ದರೆ ಅದಕ್ಕೂ ಮತ್ತೆ 600 ಕೊಡಬೇಕು.

ನೀವು ಹೋಮ್‌ಗೆ ಮಾತ್ರ ಹೊಡೆದಿರಿ, ಬಚಾವಾದಿರಿ. ನಾನು ಹಿಂದೆ ಇದ್ದ ಒಂದು ಆಫೀಸಿನಲ್ಲಿ ಸುಡೊ ಸಿಎಚ್‌ಮಾಡ್ -ಆರ್ 777 ಕೊಡುವಾಗ ಚುಕ್ಕಿ ಬಿಟ್ಟುಹೋಗಿ, ./ (ಈಗಿರೋ ಫೋಲ್ಡರ್) ಬದಲು ಬರೀ / (ಇಡೀ ಸಿಸ್ಟಂ) ಆಯಿತು. ಅಳಿಸೋ ಕಮಾಂಡ್ ಆರ್‌ಎಂ ಆದರೆ / ಮೇಲೆ ಓಡದಂತೆ ತಡೆಯುತ್ತೆ. ಸಿಎಚ್‌ಮಾಡ್ ಡೀಫಾಲ್ಟ್ ಆಗಿ ತಡೆಯಲ್ಲ. ಕಂಟ್ರೋಲ್-ಸಿ ಒತ್ತುವಷ್ಟರಲ್ಲಿ ತುಂಬಾ ದೂರ ಹೋಗಿತ್ತು. ಸುಡೊ ಸತ್ತಿತು, ಯಾಕೆಂದರೆ 777 ಅಂತ ಅಂಕೆಯಲ್ಲಿ ಕೊಟ್ಟಾಗ ಸುಡೊ ಫೈಲ್‌ನ ಸೆಟ್‌ಯುಐಡಿ ಬಿಟ್ ಅಳಿಸಿಹೋಗುತ್ತೆ. ಆ ಬಿಟ್ ಇಲ್ಲದೆ ಸುಡೊ ರೂಟ್ ಆಗಲಾರದು. ತೆರೆದಿದ್ದ ಸೆಷನ್ ಬದುಕಿತ್ತು, ಆದರೆ ಅದರಲ್ಲಿ ಏನೂ ಮಾಡುವ ಹಾಗಿರಲಿಲ್ಲ. ಯಾರೋ ಮೆಷಿನ್ ರೀಬೂಟ್ ಮಾಡಿದರು. ಅಲ್ಲಿಗೆ ಮುಗಿಯಿತು. ಮೆಷಿನ್‌ನ ಸ್ವಂತ ಗುರುತಾದ ಹೋಸ್ಟ್ ಕೀಗಳು ಎಲ್ಲರಿಗೂ ತೆರೆದಿದ್ದರಿಂದ ಎಸ್ಎಸ್ಎಚ್‌ಡಿ ಏಳಲೇ ಇಲ್ಲ. ಲೈವ್ ಯುಎಸ್‌ಬಿ ಹಾಕಿ, ಡೇಟಾ ತೆಗೆದು, ಮತ್ತೆ ಇನ್‌ಸ್ಟಾಲ್ ಮಾಡಬೇಕಾಯಿತು. ಫೆಡೋರಾ, ರೆಡ್‌ಹ್ಯಾಟ್ ಕಡೆ ಪ್ಯಾಕೇಜ್‌ಗಳ ಮೂಲ ಪರ್ಮಿಷನ್ ವಾಪಸ್ ತರೋ ಆರ್‌ಪಿಎಂ --ಸೆಟ್‌ಪರ್ಮ್ಸ್ ಇದೆ. ಡೆಬಿಯನ್, ಉಬುಂಟು ಕಡೆ ಅಷ್ಟು ಸುಲಭ ಇಲ್ಲ.

ಅದಾದ ಮೇಲಿಂದ ನಾನು ಯಾವ ಮೆಷಿನ್‌ನಲ್ಲೇ ಆಗಲಿ ಗೆಟ್‌ಎಫ್‌ಎಸಿಎಲ್ -ಆರ್ ಓಡಿಸಿ ಸಿಸ್ಟಂ ಸೆಟ್ಟಿಂಗ್‌ಗಳಿರೋ /ಇಟಿಸಿಯ ಪರ್ಮಿಷನ್‌ಗಳನ್ನೆಲ್ಲ ಒಂದು ಫೈಲ್‌ಗೆ ಬರೆಸಿ ಇಡುತ್ತೇನೆ. ಕೆಟ್ಟರೆ ಸೆಟ್‌ಎಫ್‌ಎಸಿಎಲ್ --ರೆಸ್ಟೋರ್. ನೀವೂ ಇವತ್ತೇ ಮಾಡಿಟ್ಟುಕೊಳ್ಳಿ. ಆ ಫೈಲ್ ಬೇರೆ ಡಿಸ್ಕ್‌ನಲ್ಲಿರಲಿ.

ಇನ್ನು ಯಾವ ಸಾಫ್ಟ್‌ವೇರ್ ಅಂತ ಕೇಳಿದ್ದಿರಿ. ವಿಂಡೋಸ್‌ನಲ್ಲಿ ಓಡೋ ಎಸ್ಎಸ್ಎಚ್ ಪ್ರೋಗ್ರಾಂ ಪುಟ್ಟಿ ಹಳೇದು, ಗಟ್ಟಿ, ಆದರೆ ಅದರ ಪಿಪಿಕೆ ಕೀ ಓಪನ್ಎಸ್ಎಸ್ಎಚ್‌ನಲ್ಲಿ (ಲಿನಕ್ಸ್‌ನ ಮಾಮೂಲಿ ಎಸ್ಎಸ್ಎಚ್) ನೇರವಾಗಿ ನಡೆಯಲ್ಲ, ಪುಟ್ಟಿಜೆನ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಬೇಕು. ಬಳಸೋದೇ ಆದರೆ 0.81 ಅಥವಾ ಅದಕ್ಕಿಂತ ಹೊಸದಿರಲಿ. ಅದಕ್ಕೂ ಹಿಂದಿನದರಲ್ಲಿ ಪಿ-521 ಅನ್ನೋ ಬಗೆಯ ಕೀ ಬಳಸಿದ್ದರೆ ಆ ಕೀಯನ್ನೇ ಬಿಟ್ಟುಬಿಡಿ, 2024ರಲ್ಲಿ ಹೊರಬಂದ ದೋಷ ಅದು. ಗಿಟ್ ಬ್ಯಾಷ್‌ನಲ್ಲಿ ಸಿಎಚ್‌ಮಾಡ್ ನಂಬಬೇಡಿ, ಅಲ್ಲಿ ಡ್ರೈವ್ ಮೌಂಟ್ ಆಗೋದೇ ನೋಎಸಿಎಲ್, ಅಂದರೆ ಪರ್ಮಿಷನ್ ಲೆಕ್ಕಕ್ಕಿಲ್ಲ ಅಂತ. ವಿಂಡೋಸ್‌ನಲ್ಲಿ ಲಿನಕ್ಸ್ ಕಮಾಂಡ್‌ಗಳನ್ನು ಕೊಡೋ ಸಿಗ್‌ವಿನ್‌ನಲ್ಲಿ 600 ಕೊಟ್ಟರೂ 660 ಅಂತಲೇ ತೋರಿಸಿದರೆ ಫೈಲ್‌ನ ಗ್ರೂಪ್ 'ನನ್' ಆಗಿದೆಯಾ ನೋಡಿ. ಸಿಎಚ್‌ಜಿಆರ್‌ಪಿ ಯೂಸರ್ಸ್ ಕೊಟ್ಟು ಮತ್ತೆ 600 ಕೊಡಿ. ನನ್ನ ಮಟ್ಟಿಗೆ ಡಬ್ಲ್ಯುಎಸ್ಎಲ್ ಒಳಗಿನ ಓಪನ್ಎಸ್ಎಸ್ಎಚ್ ಎಲ್ಲಕ್ಕಿಂತ ನೇರ.

ಒಂದು ದಿನ ವಿಂಡೋಸ್ ಮೆಷಿನ್‌ಗೇ ಲಾಗಿನ್ ಆಗಬೇಕು ಅನಿಸಿದರೆ, ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದಲ್ಲಿ ಅದು ಹೋಮ್‌ನ ಆಥರೈಸ್ಡ್_ಕೀಸ್ ನೋಡೋದೇ ಇಲ್ಲ. ಪ್ರೋಗ್ರಾಂಡೇಟಾದ ಎಸ್ಎಸ್ಎಚ್ ಫೋಲ್ಡರ್‌ನಲ್ಲಿ ಅಡ್ಮಿನಿಸ್ಟ್ರೇಟರ್ಸ್_ಆಥರೈಸ್ಡ್_ಕೀಸ್ ಅಂತ ಇಡಬೇಕು. ಇದಕ್ಕೆ ಎಷ್ಟೋ ಜನ ಇಡೀ ಭಾನುವಾರ ಕಳೆಯುತ್ತಾರೆ.

ಕೀ ಕೆಲಸ ಮಾಡಿತು ಅಂತ ಖಚಿತವಾದ ಮೇಲೆಯೇ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿ. ಒಂದು ಸೆಷನ್ ತೆರೆದೇ ಇಟ್ಟು, ಎಸ್ಎಸ್ಎಚ್‌ಡಿ -ಟಿ ಕೊಟ್ಟು ಕಾನ್ಫಿಗ್ ಸರಿ ಇದೆಯಾ ನೋಡಿ, ರೀಸ್ಟಾರ್ಟ್ ಮಾಡಿ, ಇನ್ನೊಂದು ಕಿಟಕಿಯಿಂದ ಲಾಗಿನ್ ಆಗಿ ನೋಡಿ. ಕಾನ್ಫಿಗ್‌ನಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ನೋ' ಅಂತ ಬರೆದರೂ ಪಾಸ್‌ವರ್ಡ್ ಕೇಳುತ್ತಿದ್ದರೆ ಎಸ್ಎಸ್ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್ ಒಳಗೆ ಹುಡುಕಿ. ಅಲ್ಲಿನ ಫೈಲ್‌ಗಳು ಮೊದಲು ಓದಲ್ಪಡುತ್ತವೆ, ಮೊದಲು ಸಿಕ್ಕಿದ ಬೆಲೆಯೇ ನಿಲ್ಲೋದು. ಹೊಸ ಕೀ ಮಾಡೋದಾದರೆ ಇಡಿ25519 ಬಗೆಯದು, ಪಾಸ್‌ಫ್ರೇಸ್ ಹಾಕಿಯೇ ಮಾಡಿ.

ಮನೆಯ ವೈಫೈ ಬಿಟ್ಟು ಹೊರಗಿಂದಲೂ ಬರಬೇಕು ಅಂದಿದ್ದೀರಲ್ಲ, ರೌಟರ್‌ನಲ್ಲಿ ಎಸ್ಎಸ್ಎಚ್‌ನ 22 ಪೋರ್ಟ್ ತೆರೆಯೋ ಮೊದಲು ರೌಟರ್ ತೋರಿಸೋ ವ್ಯಾನ್ ಐಪಿ (ಇಂಟರ್ನೆಟ್ ಕಡೆಯ ವಿಳಾಸ) ನೋಡಿ. 100.64ರಿಂದ 100.127ರ ಒಳಗಿದ್ದರೆ ನೀವು ಸಿಜಿನ್ಯಾಟ್ (ಒಂದೇ ಹೊರ ವಿಳಾಸವನ್ನು ಇಂಟರ್ನೆಟ್ ಕಂಪನಿ ಹಲವರಿಗೆ ಹಂಚೋದು) ಹಿಂದೆ ಇದ್ದೀರಿ, ಪೋರ್ಟ್ ಫಾರ್ವರ್ಡ್ ಮಾಡಿ ಪ್ರಯೋಜನ ಇಲ್ಲ. ನಿಮ್ಮ ಮೆಷಿನ್‌ಗಳನ್ನು ಖಾಸಗಿ ನೆಟ್‌ವರ್ಕ್‌ನಲ್ಲಿ ಜೋಡಿಸೋ ಟೇಲ್‌ಸ್ಕೇಲ್ ಹಾಕಿಕೊಳ್ಳಿ, ಪೋರ್ಟ್ ತೆರೆಯೋ ಗೋಜೇ ಇರಲ್ಲ.

ಇಷ್ಟು ಮಾಡಿಯೂ ಆಗದಿದ್ದರೆ ಡೆಸ್ಕ್‌ಟಾಪ್‌ನ ನೇಮ್ಐ -ಎಲ್ ಔಟ್‌ಪುಟ್ ಮತ್ತು ಜರ್ನಲ್‌ನ ಕೊನೆಯ ಸಾಲುಗಳನ್ನು ಇಲ್ಲೇ ಹಾಕಿ. ಕೀ ತೋರಿಸಬೇಕು ಅಂದರೆ ಹೆಸರಿನ ಕೊನೆಗೆ .ಪಬ್ ಇರೋ ಪಬ್ಲಿಕ್ ಕೀ ಮಾತ್ರ.